ಚೌಕಿಯ ಕನ್ನಡಿಯಲ್ಲಿ ಕಣ್ಣಿನ ಬಣ್ಣ

ಉಡುಪಿಯಿಂದ ಕುಂದಾಪುರದ ಕಡೆಗೆ ಹೋಗುವ ಹೆದ್ದಾರಿಯನ್ನು ಬ್ರಹ್ಮಾವರದಲ್ಲಿ ಬಿಟ್ಟು ಬಲಕ್ಕೆ ತಿರುಗಿದರೆ ರಸ್ತೆ ಸೀತಾನದಿಯನ್ನು ದಾಟಿ ಬಾರ್ಕೂರಿಗೆ ಹೋಗುತ್ತದೆ. ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿಯಾಗಿದ್ದ ಊರು ಇದು. ಹಳೆಯ ಬಸದಿ, ದೇವಸ್ಥಾನಗಳನ್ನು ಹಿಂದೆ ಬಿಟ್ಟು ಮುಂದೆ ಸಾಗಿದರೆ ಮಂದಾರ್ತಿ. ದಾರಿಯ ಎರಡೂ ಬದಿಗೆ ಕೆಂಪುಕಲ್ಲಿನ ಪಾಗಾರ, ಹೆಂಚಿನ ಮನೆ, ಅಡಿಕೆ ತೋಟ, ನಡುನಡುವೆ ಕೊಯ್ಲು ಮುಗಿದ ಗದ್ದೆ. ದೀಪಾವಳಿ ಕಳೆದು ಮಳೆಗಾಲ ಬರುವವರೆಗೆ ಈ ಗದ್ದೆಗಳಿಗೆ ಇನ್ನೊಂದು ಬೆಳೆ ಇದೆ. ಅದು ಯಕ್ಷಗಾನ. ಮಂದಾರ್ತಿ ದುರ್ಗಾಪರಮೇಶ್ವರಿಗೆ ಹರಕೆ ಹೊತ್ತವರು ತಮ್ಮ ಮನೆಯ ಮುಂದೆ ಮೇಳದ ಆಟ ಆಡಿಸುತ್ತಾರೆ. ಸಂಜೆಯ ಹೊತ್ತಿಗೆ ಗದ್ದೆಯಲ್ಲಿ ರಂಗಸ್ಥಳ ಎದ್ದಿರುತ್ತದೆ. ಅದರ ಹಿಂದೆ ಟಾರ್ಪಾಲಿನ ಮರೆಯಲ್ಲಿ ಚೌಕಿ, ಅಂದರೆ ವೇಷ ಕಟ್ಟುವ ಜಾಗ.

ಆಟ ನೋಡಲು ಬರುವವರೆಲ್ಲ ರಂಗಸ್ಥಳದ ಮುಂದೆ ಕುರ್ಚಿ ಹಿಡಿಯುತ್ತಾರೆ. ಆದರೆ ಮಾರ್ಗಶಿರದ ಒಂದು ಸಂಜೆ ಒಬ್ಬ ತಂದೆ ಒಂಬತ್ತನೆಯ ತರಗತಿಯ ಮಗಳನ್ನು ಕರೆದುಕೊಂಡು ನೇರವಾಗಿ ಚೌಕಿಗೆ ಬಂದರು. ಹುಡುಗಿಯ ಎರಡೂ ಕಣ್ಣಿನ ರೆಪ್ಪೆ ಕೆಂಪಗೆ ಊದಿಕೊಂಡಿತ್ತು. ಅವಳ ಶಾಲೆಯಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾರೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನಂಥ ಸಂಸ್ಥೆಗಳ ಶ್ರಮದಿಂದ ಆ ಸುತ್ತಿನ ಹಲವು ಪ್ರೌಢಶಾಲೆಗಳಲ್ಲಿ ಈಗ ಗೆಜ್ಜೆಯ ಸದ್ದು ಕೇಳುತ್ತಿದೆ. ಹಿಂದೆ ಹೆಣ್ಣಿನ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಈ ಕಲೆಯಲ್ಲಿ ಇಂದು ಹುಡುಗಿಯರು ಗಂಡುವೇಷ ಹಾಕಿ ಕುಣಿಯುತ್ತಾರೆ. ಇವಳಿಗೆ ಬಂದದ್ದು ಬಭ್ರುವಾಹನನ ಪಾತ್ರ. ಆ ಉತ್ಸಾಹದಲ್ಲಿ ಜಾತ್ರೆಯ ಅಂಗಡಿಯಿಂದ ಹನ್ನೆರಡು ಬಣ್ಣಗಳ ಐಶ್ಯಾಡೊ ಡಬ್ಬಿ ತಂದು, ಕೋಣೆಯ ಬಾಗಿಲು ಹಾಕಿಕೊಂಡು, ಎರಡು ದಿನ ಕಣ್ಣಿಗೆ ಬಳಿದು ನೋಡಿದ್ದಳು. ಮೂರನೆಯ ದಿನ ಕಣ್ಣು ತೆರೆಯಲಾಗಲಿಲ್ಲ. ಕಣ್ಣಿನ ವೈದ್ಯರು ಔಷಧಿ ಕೊಟ್ಟು, ಊತ ಪೂರ್ತಿ ಇಳಿಯುವ ತನಕ ಏನನ್ನೂ ಹಚ್ಚಬಾರದೆಂದರು. ತಂದೆಯವರು ಒಂದು ಹೆಜ್ಜೆ ಮುಂದೆ ಹೋಗಿ, ಬಣ್ಣವೂ ಬೇಡ, ವೇಷವೂ ಬೇಡ ಎಂದುಬಿಟ್ಟರು. ಮಗಳು ಎರಡು ದಿನ ಊಟ ಬಿಟ್ಟಳು. ಕೊನೆಗೆ, ಪರಿಚಯದ ಹಿರಿಯ ವೇಷಧಾರಿಯೊಬ್ಬರ ಬಾಯಿಂದಲೇ ಬುದ್ಧಿ ಹೇಳಿಸೋಣವೆಂದು ಇಲ್ಲಿಗೆ ಕರೆತಂದಿದ್ದರು.

ಚೌಕಿಯ ಒಂದು ತುದಿಯಲ್ಲಿ ಗಣಪತಿಯ ಮುಂದೆ ದೀಪ. ಎರಡು ಸಾಲಿನಲ್ಲಿ ಚಾಪೆ ಹಾಸಿ, ಅವರವರ ಸ್ಥಾನಕ್ಕೆ ತಕ್ಕಂತೆ ಕಲಾವಿದರು ಕುಳಿತಿದ್ದರು. ಪ್ರತಿಯೊಬ್ಬರ ಎದುರಿಗೂ ಒಂದು ಪೆಟ್ಟಿಗೆ, ಅದಕ್ಕೆ ಒರಗಿಸಿದ ಕನ್ನಡಿ, ಒಂದು ಬಲ್ಬು, ಬಣ್ಣದ ಡಬ್ಬಿಗಳು, ತೆಂಗಿನೆಣ್ಣೆಯ ಬಾಟಲಿ, ತೆಳ್ಳಗಿನ ಕಡ್ಡಿ. ಸಿನಿಮಾದವರಂತೆ ಇಲ್ಲಿ ಬಣ್ಣ ಹಚ್ಚಲು ಬೇರೆ ಜನರಿಲ್ಲ. ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು.

"ಎಂತಾ ಹೆಣ್ಣೇ, ಬಣ್ಣ ಕಾಂಬುಕೆ ಬಂದದ್ದಾ?" ಎಂದ ಹಿರಿಯರು ಕನ್ನಡಿಯಿಂದ ಕಣ್ಣೆತ್ತಿ ಅವಳ ರೆಪ್ಪೆ ನೋಡಿದರು. "ಬಣ್ಣ ಹಚ್ಚಿ ಹಿಂಗ್ ಆಯಿತ್. ನೀವೇ ಒಂದ್ ಬುದ್ಧಿ ಹೇಳಿ" ಎಂದರು ತಂದೆ. ಹುಡುಗಿಯ ಚೀಲದಿಂದ ಆ ಡಬ್ಬಿ ಹೊರಬಂತು. ಹಿರಿಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ತಯಾರಿಸಿದವರ ವಿಳಾಸವಿಲ್ಲ, ತಯಾರಾದ ತಾರೀಕಿಲ್ಲ, ಒಳಗೆ ಏನಿದೆ ಎಂಬ ಒಂದು ಸಾಲೂ ಇಲ್ಲ. "ಬಣ್ಣದ್ದ್ ತಪ್ಪಲ್ಲ. ಡಬ್ಬಿ ಕಾಣ್ದೆ ತಕಂಡದ್ದ್ ತಪ್ಪ್" ಎಂದು ಅದನ್ನು ಬದಿಗಿಟ್ಟು, ಅವಳಿಗೆ ಪಕ್ಕದ ಚಾಪೆ ತೋರಿಸಿದರು. ತಂದೆಯವರೂ ಕುಳಿತರು.

ದೂರಕ್ಕೊಂದು ಗೆರೆ

ಹಿರಿಯರ ಕೈ ಕೆಲಸಕ್ಕೆ ಮರಳಿತು. ಬಿಳಿ, ಹಳದಿ, ಕೆಂಪು ಮೂರನ್ನೂ ಅಂಗೈಯಲ್ಲಿ ತೆಂಗಿನೆಣ್ಣೆಯೊಂದಿಗೆ ಮಿದಿದು ಮುಖಕ್ಕೆ ತೆಳ್ಳಗೆ ಬಳಿದರು. ಮೇಲೆ ಪೌಡರು ತಟ್ಟಿದರು. ಆಮೇಲೆ ಕಣ್ಣು. ರೆಪ್ಪೆಯ ಮೇಲೆ ಬೆರಳ ತುದಿಯಿಂದ ಕೆಂಪಿನ ಛಾಯೆ, ಅದರ ಅಂಚನ್ನು ಹುಬ್ಬಿನ ಕಡೆಗೆ ತಿಕ್ಕಿ ಮಾಯಿಸಿದರು. ಕಡ್ಡಿಯನ್ನು ಕಾಡಿಗೆಯಲ್ಲಿ ಅದ್ದಿ, ರೆಪ್ಪೆಗೂದಲ ಬುಡದಿಂದ ಕಿವಿಯ ಕಡೆಗೆ ಒಂದೇ ಉಸಿರಿನಲ್ಲಿ ಗೆರೆ ಎಳೆದರು. ಹತ್ತಿರದಿಂದ ನೋಡಿದರೆ ಆ ಗೆರೆ ಹೆಬ್ಬೆರಳ ಉಗುರಿನ ಅರ್ಧದಷ್ಟು ದಪ್ಪ. ಇಷ್ಟು ದಪ್ಪ ಯಾಕೆ ಎಂದು ಹುಡುಗಿ ಕೇಳಿದಳು. ಕೊನೆಯ ಸಾಲಿನವರಿಗೂ ಕಣ್ಣು ಕಾಣಬೇಕಲ್ಲ ಎಂಬ ಉತ್ತರ ಬಂತು.

ಆ ಉತ್ತರದ ಹಿಂದೆ ಒಂದು ಸರಳ ಲೆಕ್ಕವಿದೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಭಾಗಕ್ಕೆ ಮಿನಿಟು ಎನ್ನುತ್ತಾರೆ. ಆರೋಗ್ಯವಂತ ಕಣ್ಣು ಸುಮಾರು ಒಂದು ಮಿನಿಟಿನಷ್ಟು ಕೋನದ ವಿವರವನ್ನು ಬಿಡಿಸಿ ನೋಡಬಲ್ಲದು. ಹತ್ತು ಮೀಟರ್ ದೂರದಲ್ಲಿ ಇದು ಸುಮಾರು 3 ಮಿಲಿಮೀಟರ್ ಅಗಲಕ್ಕೆ ಸಮ, ಇಪ್ಪತ್ತು ಮೀಟರಿನಲ್ಲಿ 6 ಮಿಲಿಮೀಟರ್. ಅದೇ ಅರ್ಧ ಮೀಟರ್ ದೂರದ ಕನ್ನಡಿ ಮುಂದೆ 0.3 ಮಿಲಿಮೀಟರ್ ಸಾಕು. ಗದ್ದೆಯ ಕೊನೆಯ ಸಾಲಿನಲ್ಲಿ ಕುಳಿತವನಿಗಾಗಿ ಬರೆದ ಗೆರೆಯನ್ನು ಮದುವೆ ಮನೆಗೆ ಹಾಕಿಕೊಂಡು ಹೋದರೆ ರಾಕ್ಷಸನ ಒಡ್ಡೋಲಗವಾಗುತ್ತದೆ. ಮದುವೆ ಮನೆಯ ನವಿರು ಗೆರೆಯನ್ನು ರಂಗಸ್ಥಳಕ್ಕೆ ತಂದರೆ ಕಣ್ಣೇ ಇಲ್ಲದಂತಾಗುತ್ತದೆ. ಹುಡುಗಿ ಕೋಣೆಯ ಕನ್ನಡಿಯನ್ನು ನಂಬಿ ಮಾಡಿದ ಮೊದಲ ತಪ್ಪು ಇದು. ಕಣ್ಣಿಗೆ ಎಷ್ಟು ಬಣ್ಣ ಎಂಬುದನ್ನು ಹಚ್ಚುವವರು ತೀರ್ಮಾನಿಸುವುದಲ್ಲ, ನೋಡುವವರು ನಿಂತ ದೂರ ತೀರ್ಮಾನಿಸುತ್ತದೆ.

ಬೆಳಕಿಗೊಂದು ಬಣ್ಣ

ಇನ್ನೊಂದು ಯಜಮಾನಿಕೆ ಬೆಳಕಿನದು. ಯಕ್ಷಗಾನದ ಬಣ್ಣಗಳು ಹುಟ್ಟಿದ್ದು ದೊಂದಿ, ದೀವಟಿಗೆಗಳ ಕಾಲದಲ್ಲಿ. ಉರಿಯ ಬೆಳಕಿನಲ್ಲಿ ಕೆಂಪು, ಹಳದಿ ಕಿರಣಗಳು ತುಂಬಿರುತ್ತವೆ, ನೀಲಿ ತೀರ ಕಡಿಮೆ. ವಸ್ತುವಿನ ಮೇಲೆ ನೀಲಿ ಕಿರಣ ಬೀಳದಿದ್ದರೆ ನೀಲಿ ಬಣ್ಣ ಅದನ್ನು ಎಲ್ಲಿಂದ ತಂದು ನಮ್ಮ ಕಣ್ಣಿಗೆ ಕಳಿಸೀತು? ಅದು ಕಪ್ಪಾಗಿ ಕಾಣುತ್ತದೆ. ಕೆಂಪು, ಹಳದಿಗಳು ಮಾತ್ರ ಕೆಂಡದಂತೆ ಬೆಳಗುತ್ತವೆ. ಮುಖಕ್ಕೆ ಹಳದಿ ಬೆರೆತ ಕೆಂಪು ಲೇಪ, ಕಣ್ಣಿಗೆ ಕಪ್ಪು ಗೆರೆ ಎಂದು ಹಿಂದಿನವರು ಆರಿಸಿದ್ದು ಆ ಬೆಳಕಿಗೆ ಎಷ್ಟು ಒಪ್ಪುತ್ತದೆಂದು ಇದರಿಂದ ತಿಳಿಯುತ್ತದೆ. ಮುಂದೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಈಗ ಎಲ್‌ಇಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಹೇಳುವುದಾದರೆ ಎಣ್ಣೆಯ ದೀಪ ಸುಮಾರು 1900, ಬೆಳ್ಳನೆಯ ಎಲ್‌ಇಡಿ 6000ಕ್ಕೂ ಮೇಲೆ. ದೊಂದಿಯ ಮುಂದೆ ಸೌಮ್ಯವಾಗಿದ್ದ ಮುಖ ಈ ಬೆಳಕಿನಲ್ಲಿ ಸುಣ್ಣ ಬಳಿದಂತೆ ಕಾಣಬಹುದು. ಅದಕ್ಕೇ ಹಿರಿಯರು ಗೆರೆ ಎಳೆದ ಮೇಲೆ ಚೌಕಿಯಿಂದ ಎದ್ದು, ರಂಗಸ್ಥಳದ ದೀಪದ ಕೆಳಗೆ ಕೈಕನ್ನಡಿ ಹಿಡಿದು ಒಮ್ಮೆ ನೋಡಿ ಬಂದರು.

ಮನೆಯಲ್ಲಿ ಐಶ್ಯಾಡೊ ಆರಿಸುವವರಿಗೂ ಇದೇ ಪಾಠ. ಹೆಸರೇ ಹೇಳುವಂತೆ ಅದು ನೆರಳು. ಕಡು ಬಣ್ಣ ಹಚ್ಚಿದ ಜಾಗ ಒಳಸರಿದಂತೆ, ತಿಳಿ ಬಣ್ಣ ಹಚ್ಚಿದ ಜಾಗ ಮುಂದೆ ಬಂದಂತೆ ಕಾಣುತ್ತದೆ. ಆದ್ದರಿಂದ ರೆಪ್ಪೆಯ ಮೇಲೆ ಮಧ್ಯಮ ಛಾಯೆ, ಹೊರಮೂಲೆಗೆ ಅದಕ್ಕಿಂತ ಗಾಢವಾದದ್ದು, ಹುಬ್ಬಿನ ಕೆಳಗೆ ತಿಳಿಯಾದದ್ದು ಎಂಬ ಕ್ರಮ. ನಮ್ಮ ಕಂದು ಮೈಬಣ್ಣಕ್ಕೆ ಕಂದು, ತಾಮ್ರ, ಮರೂನ್ ಛಾಯೆಗಳು ಸುಲಭವಾಗಿ ಹೊಂದುತ್ತವೆ. ಬಿಳಿ ಹೆಚ್ಚು ಬೆರೆಸಿದ ತಿಳಿ ಗುಲಾಬಿ, ತಿಳಿ ನೀಲಿಗಳು ಬೂದಿ ಮೆತ್ತಿದಂತೆ ಕಾಣುವುದುಂಟು. ಅಂಗಡಿಯ ದೀಪದ ಕೆಳಗೆ ಚೆನ್ನಾಗಿ ಕಂಡ ಬಣ್ಣವನ್ನು ಹೊರಗಿನ ಹಗಲು ಬೆಳಕಿನಲ್ಲೊಮ್ಮೆ ನೋಡಿದ ಮೇಲೆಯೇ ಹಣ ಕೊಡುವುದು ಜಾಣತನ. ಸೀರೆ ಕೊಳ್ಳುವಾಗ ಅಂಗಡಿಯ ಬಾಗಿಲಿಗೆ ತಂದು ನೋಡುವ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಹಳೆಯ ಡಬ್ಬಿಯೊಳಗೆ ಏನಿತ್ತು?

ಮಾತು ಡಬ್ಬಿಗಳ ಕಡೆಗೆ ಹೊರಳಿತು. ಹಳೆಯ ಚೌಕಿಯಲ್ಲಿ ನಾಲ್ಕು ಬಣ್ಣಗಳೇ ಮುಖ್ಯ: ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಪಕ್ಕದ ಕೋಟದವರಾದ ಶಿವರಾಮ ಕಾರಂತರು ಈ ಕಲೆಯ ವೇಷಭೂಷಣ, ಬಣ್ಣಗಾರಿಕೆಗಳನ್ನು ಊರೂರು ಸುತ್ತಿ ಅಭ್ಯಾಸ ಮಾಡಿದವರು. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈ ನಾಲ್ಕನ್ನೂ ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಸ್ವಾರಸ್ಯವೂ ಇದೆ, ಎದೆ ಝಲ್ಲೆನ್ನುವುದೂ ಇದೆ. ಸಫೇದ ಎಂದರೆ ಸತುವಿನ ಆಕ್ಸೈಡು. ಅಕ್ಕಿಹಿಟ್ಟೂ ಬೆಳ್ಳಗಿರುವಾಗ ಅದನ್ನೇ ಎಣ್ಣೆಯಲ್ಲಿ ಕಲಸಬಾರದೇ ಎಂದು ಕೇಳಬಹುದು. ಕಲಸಿ ನೋಡಿದರೆ ಗೊತ್ತಾಗುತ್ತದೆ, ಬಿಳುಪು ಮಂಕಾಗಿಬಿಡುತ್ತದೆ. ಹಿಟ್ಟಿನ ವಕ್ರೀಭವನಾಂಕ ಸುಮಾರು 1.5, ಎಣ್ಣೆಯದು 1.45. ಎರಡೂ ಹತ್ತಿರವಾದ್ದರಿಂದ ಬೆಳಕು ಹೆಚ್ಚು ಚದುರದೆ ದಾಟಿಹೋಗುತ್ತದೆ. ಸತುವಿನ ಆಕ್ಸೈಡಿನದು ಸುಮಾರು 2. ಹಾಗಾಗಿ ಎಣ್ಣೆಯಲ್ಲೂ ಅದು ಬೆಳಕನ್ನು ಚದುರಿಸಿ ಬೆಳ್ಳಗೇ ಉಳಿಯುತ್ತದೆ. ಕಾಡಿಗೆ ಎಂದರೆ ದೀಪದ ಹೊಗೆಯಿಂದ ಹಿಡಿದ ಇಂಗಾಲ. ಇವೆರಡು ಸರಿ. ಆದರೆ ಅರದಾಳ ಆರ್ಸೆನಿಕ್‌ನ ಸಲ್ಫೈಡು, ಇಂಗಳೀಕ ಪಾದರಸದ ಸಲ್ಫೈಡು. ಎರಡೂ ಕಣ್ಣು ಕುಕ್ಕುವಷ್ಟು ಚೆಲುವಾದ ಬಣ್ಣಗಳು, ಎರಡರ ಹೊಟ್ಟೆಯಲ್ಲೂ ವಿಷ. ಅವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂಬುದಷ್ಟೇ ಸಮಾಧಾನ. ಆರು ತಿಂಗಳು, ರಾತ್ರಿಯೆಲ್ಲ ಬೆವರುವ ಮುಖದ ಮೇಲೆ, ಬಾಯಿ ಕಣ್ಣುಗಳ ಅಂಚಿನಲ್ಲಿ ಅವನ್ನು ಹೊತ್ತು ಕುಣಿದ ಹಿಂದಿನ ತಲೆಮಾರಿನ ಕಲಾವಿದರನ್ನು ನೆನೆದರೆ ಮರುಕವಾಗುತ್ತದೆ. ಇಂದು ಬಹಳಷ್ಟು ಕಲಾವಿದರು ಸಿದ್ಧ ಬಣ್ಣಗಳತ್ತ ಹೊರಳಿದ್ದಾರೆ. ಹಳೆಯ ಹೆಸರು ಉಳಿದ ಕಡೆಯೂ ಡಬ್ಬಿಯೊಳಗಿನ ವಸ್ತು ಬೇರೆಯಾಗಿರಬಹುದು.

ಚೆಲುವಿನ ಜೊತೆ ವಿಷ ಬರುವುದು ನಮ್ಮ ಕರಾವಳಿಯ ಕಥೆ ಮಾತ್ರವಲ್ಲ. ಕಣ್ಣಿಗೆ ಬಣ್ಣ ಹಚ್ಚುವ ವಿದ್ಯೆಯಲ್ಲಿ ಹಿರಿಯಣ್ಣನೆಂದು ಹೆಸರಾದ ಪ್ರಾಚೀನ ಈಜಿಪ್ಟಿನಲ್ಲಿ ಮ್ಯಾಲಕೈಟ್ ಎಂಬ ತಾಮ್ರದ ಅದಿರನ್ನು ಅರೆದು ರೆಪ್ಪೆಗೆ ಹಸುರು, ಗೆಲೀನಾ ಎಂಬ ಸೀಸದ ಅದಿರನ್ನು ಅರೆದು ಕಪ್ಪು ಹಚ್ಚುತ್ತಿದ್ದರು. ಅರೆಯುವ ಕಲ್ಲಿನ ಹಲಗೆಗಳು ಸಮಾಧಿಗಳಲ್ಲಿ ಸಿಕ್ಕಿವೆ. ಅದೇ ಸೀಸದ ಸಲ್ಫೈಡು ಇಂದಿಗೂ ಕೆಲವು ಬಗೆಯ ಸುರ್ಮಾಗಳಲ್ಲಿ ಪತ್ತೆಯಾಗುತ್ತದೆ. ಕಣ್ಣು ಉಜ್ಜಿದ ಕೈ ಬಾಯಿಗೆ ಹೋಗುವ ಚಿಕ್ಕ ಮಕ್ಕಳಲ್ಲಿ ಸೀಸ ರಕ್ತ ಸೇರಿ ಮಿದುಳಿನ ಬೆಳವಣಿಗೆಗೆ ತೊಂದರೆ ಕೊಡುತ್ತದೆ. ಭಾರತದಲ್ಲಿ ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್‌ನ ಸಂಯುಕ್ತ ಬೆರೆಸಿದ ಪ್ರಸಾಧನ ತಯಾರಿಸುವುದನ್ನು ಕಾನೂನು ನಿಷೇಧಿಸಿದೆ. 2020ರ ಪ್ರಸಾಧನ ಸಾಮಗ್ರಿ ನಿಯಮಗಳೂ ಅದನ್ನೇ ಹೇಳುತ್ತವೆ. ಆದರೆ ಕಾನೂನು ತಲುಪುವುದು ವಿಳಾಸ ಇರುವ ಡಬ್ಬಿಗೆ. ವಿಳಾಸವೇ ಇಲ್ಲದ ಡಬ್ಬಿಯನ್ನು ಅದು ಎಲ್ಲಿ ಹುಡುಕಬೇಕು?

ಹಾಗಾದರೆ ಒಳ್ಳೆಯ ಐಶ್ಯಾಡೊದಲ್ಲಿ ಏನಿರುತ್ತದೆ? ಹೆಚ್ಚಿನಂಶ ಅಭ್ರಕ ಮತ್ತು ಟಾಲ್ಕಿನ ನುಣುಪು ಪುಡಿ, ಬಿಳಿಗೆ ಟೈಟಾನಿಯಂ ಡೈ ಆಕ್ಸೈಡು, ಕಂದು, ಕೆಂಪು, ಹಳದಿ, ಕಪ್ಪಿಗೆ ಕಬ್ಬಿಣದ ಆಕ್ಸೈಡುಗಳು, ಹಿಡಿದಿಡಲು ಸ್ವಲ್ಪ ಜಿಡ್ಡು. ಮಿನುಗು ಬೇಕಾದರೆ ಅಭ್ರಕದ ಹಾಳೆಗಳ ಮೇಲೆ ಟೈಟಾನಿಯಂ ಡೈ ಆಕ್ಸೈಡಿನ ತೆಳು ಪದರ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಓಡಾಡುವಂತೆ ಇಲ್ಲಿ ಬೆಳಕು ಪದರಗಳ ನಡುವೆ ಆಟವಾಡುತ್ತದೆ. ಇದರಲ್ಲಿ ಕಬ್ಬಿಣದ ಆಕ್ಸೈಡು ಮಂದಾರ್ತಿಯ ಮಕ್ಕಳಿಗೆ ಹೊಸದೇನಲ್ಲ. ದಾರಿಯುದ್ದಕ್ಕೂ ಕಂಡ ಕೆಂಪುಕಲ್ಲಿನ ಪಾಗಾರಕ್ಕೆ ಕೆಂಪು ಬಂದದ್ದು ಅದರಿಂದಲೇ. ಹಾಗೆಂದು ಪಾಗಾರ ಕೆರೆದು ಕಣ್ಣಿಗೆ ಹಚ್ಚುವಂತಿಲ್ಲ. ಪ್ರಸಾಧನಕ್ಕೆ ಬಳಸುವುದು ಶುದ್ಧೀಕರಿಸಿದ, ನುಣ್ಣಗೆ ಅರೆದ, ಪರೀಕ್ಷಿಸಿದ ಪುಡಿ. ಹಾಗೆಯೇ ಕರಕುಶಲ ಕೆಲಸಕ್ಕೆ ಮಾರುವ ಮಿನುಗುಪುಡಿ ರೆಪ್ಪೆಗಲ್ಲ. ಅದರ ಚೂಪು ಅಂಚು ಕಣ್ಣಿನ ಪಾರದರ್ಶಕ ಪೊರೆಯನ್ನು ಗೀರಬಲ್ಲದು.

ಹಚ್ಚುವ ಕೈ, ತೆಗೆಯುವ ಕೈ

ಕಣ್ಣಿನ ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳುವಾದದ್ದು, ಅರ್ಧ ಮಿಲಿಮೀಟರಿನ ಆಸುಪಾಸು. ಕೆನ್ನೆ ಸಹಿಸಿದ್ದನ್ನೆಲ್ಲ ರೆಪ್ಪೆ ಸಹಿಸಲಾರದು. ಹೊಸ ಬಣ್ಣವನ್ನು ಮೊದಲು ಮೊಣಕೈಯ ಒಳಮಗ್ಗುಲಿಗೋ ಕಿವಿಯ ಹಿಂದಕ್ಕೋ ಹಚ್ಚಿ ಒಂದೆರಡು ದಿನ ಕಾಯುವುದು ಸುಲಭದ ಪರೀಕ್ಷೆ. ತುರಿಕೆ, ಕೆಂಪು ಕಾಣಿಸಿದರೆ ಆ ಬಣ್ಣ ತಮ್ಮದಲ್ಲವೆಂದು ಬಿಡಬೇಕು.

ಹಚ್ಚುವ ಕ್ರಮದಲ್ಲಿ ಚೌಕಿಗೂ ಮನೆಗೂ ಭೇದವಿಲ್ಲ. ಮುಖ ತೊಳೆದು ಒರಸಿ, ಕೈ ತೊಳೆದು ಕೂರಬೇಕು. ಕನ್ನಡಿಯನ್ನು ಮುಖಕ್ಕಿಂತ ತುಸು ಕೆಳಗಿಟ್ಟು ಕೆಳಗೆ ನೋಡಿದರೆ ರೆಪ್ಪೆ ತಾನೇ ಹರಡಿಕೊಳ್ಳುತ್ತದೆ, ಎಳೆಯಬೇಕಾಗಿಲ್ಲ. ಬ್ರಷ್ಷಿಗೆ ಸ್ವಲ್ಪವೇ ಪುಡಿ ತೆಗೆದು, ಹೆಚ್ಚಾದದ್ದನ್ನು ಕೊಡವಿ, ರೆಪ್ಪೆಗೂದಲ ಹತ್ತಿರದಿಂದ ಆರಂಭಿಸಿ ಹೊರಕ್ಕೆ, ಮೇಲಕ್ಕೆ ಹರಡಬೇಕು. ಒಮ್ಮೆಗೇ ದಪ್ಪ ಹಚ್ಚುವುದಕ್ಕಿಂತ ಎರಡು ಮೂರು ತೆಳು ಲೇಪ ಲೇಸು. ಎರಡು ಬಣ್ಣ ಕೂಡುವ ಗಡಿಯನ್ನು ಒಣ ಬ್ರಷ್ಷಿನಿಂದ ಮಾಯಿಸಬೇಕು. ಬಣ್ಣ ರೆಪ್ಪೆಗೂದಲಿನ ಹೊರಗಿರಲಿ, ಒಳಗಿನ ತೇವದ ಅಂಚಿಗೆ ಇಳಿಯದಿರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸನ್ನು ಮೊದಲು, ಬಣ್ಣವನ್ನು ಆಮೇಲೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಒಬ್ಬರ ಬ್ರಷ್ಷು, ಕಾಡಿಗೆ ಇನ್ನೊಬ್ಬರ ಕಣ್ಣಿಗೆ ಹೋಗಬಾರದು. ಶಾಲಾ ವಾರ್ಷಿಕೋತ್ಸವದಲ್ಲಿ ಒಂದೇ ಕಡ್ಡಿ ಇಪ್ಪತ್ತು ಮಕ್ಕಳ ಕಣ್ಣು ಸುತ್ತಿ ಬರುತ್ತದೆ. ಮರುದಿನ ಕಣ್ಣುಬೇನೆಯೂ ಅದೇ ದಾರಿಯಲ್ಲಿ ಸುತ್ತಿ ಬರಬಹುದು.

ಚೌಕಿಯ ಸಾಲಿನಲ್ಲಿ ಕಿರಿಯ ಕಲಾವಿದನೊಬ್ಬ ಪಕ್ಕದವನ ಕಡ್ಡಿಗೆ ಕೈಚಾಚಿದಾಗ ಹಿರಿಯರು ಮಾತಾಡದೆ ಅವನ ಕೈಗೆ ಹೊಸ ಕಡ್ಡಿಯೊಂದನ್ನು ಕೊಟ್ಟರು. ಹುಡುಗಿ ಅದನ್ನು ನೋಡಿದಳು. ತಂದೆಯವರೂ ನೋಡಿದರು.

ಚಂಡೆ ಕೇಳಿಸಿತು. ಹಿರಿಯರ ಪ್ರವೇಶಕ್ಕೆ ಇನ್ನೂ ಹೊತ್ತಿತ್ತು. ಹೊರಡುವ ಮುನ್ನ ಹುಡುಗಿ ಕೇಳಿದ್ದು ಒಂದೇ: "ಅಜ್ಜಯ್ಯಾ, ನಾನು ವೇಷ ಮಾಡ್ಲಕ್ಕಾ?" ಹಿರಿಯರು ಉತ್ತರ ಹೇಳದೆ ಅವಳ ತಂದೆಯ ಮುಖ ನೋಡಿದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲ್ ಕಣ್ಣ್ ಗುಣ ಆಯ್ಲಿ" ಎಂದರು. ಬೇಡ ಎಂಬ ಮಾತು ಆ ಬಾಯಿಂದ ಮತ್ತೆ ಬರಲಿಲ್ಲ. ಜಾತ್ರೆಯ ಡಬ್ಬಿ ಚೌಕಿಯ ಕಸದಲ್ಲಿ ಉಳಿಯಿತು.

ಎರಡು ವಾರದಲ್ಲಿ ಊತ ಪೂರ್ತಿ ಇಳಿದು, ವೈದ್ಯರು ಆಗಬಹುದೆಂದ ಮೇಲೆ, ತಂದೆಯವರು ಬ್ರಹ್ಮಾವರ ಪೇಟೆಯ ಅಂಗಡಿಯಲ್ಲಿ ಕನ್ನಡಕ ಏರಿಸಿಕೊಂಡು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿದರು: ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿನ ವಸ್ತುಗಳು, ಯಾವ ತಾರೀಕಿನೊಳಗೆ ಬಳಸಬೇಕು. ಹನ್ನೆರಡು ಬಣ್ಣದ್ದು ಬಿಟ್ಟು ಎರಡೇ ಬಣ್ಣದ್ದನ್ನು ಕೊಂಡರು. ಒಂದು ಕೆಂಪು, ಒಂದು ಕಂದು. ಮೊಣಕೈಯ ಪರೀಕ್ಷೆಯಲ್ಲಿ ಅದು ಪಾಸಾಯಿತು.

ಶಾಲೆಯ ಅಂಗಳದಲ್ಲಿ ಬಭ್ರುವಾಹನ ಕುಣಿದ ಸಂಜೆ ತಂದೆಯವರು ಕುಳಿತದ್ದು ಐದನೆಯ ಸಾಲಿನಲ್ಲಿ, ರಂಗಸ್ಥಳದಿಂದ ಹತ್ತು ಮೀಟರ್ ದೂರ ಇದ್ದೀತು. ಅಪ್ಪ ಅರ್ಜುನನ ತಿರಸ್ಕಾರದ ಮಾತಿಗೆ ಮಗ ಬಭ್ರುವಾಹನ ಕಣ್ಣರಳಿಸಿ ನಿಂತಾಗ ಆ ಎರಡು ಕಣ್ಣುಗಳು ಐದನೆಯ ಸಾಲಿಗೆ ಸ್ಪಷ್ಟವಾಗಿ ಕಂಡವು. ಆಟ ಮುಗಿದ ಮೇಲೆ ತಾಯಿ ಮಗಳ ಕಿರೀಟ ಬಿಚ್ಚುತ್ತಿದ್ದರೆ, ತಂದೆಯವರು ಹತ್ತಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ಬಣ್ಣ ಉಜ್ಜಿ ಕೀಳಬಾರದು, ಎಣ್ಣೆ ಒತ್ತಿ ಹಿಡಿದು ಕರಗಿಸಿ ತೆಗೆದು, ಆಮೇಲೆ ಸೋಪಿನಲ್ಲಿ ತೊಳೆಯಬೇಕು, ಬಣ್ಣದೊಂದಿಗೆ ಮಲಗಬಾರದು ಎಂಬುದನ್ನು ಚೌಕಿಯಲ್ಲಿ ಅವರು ಮಗಳಿಗಿಂತ ಹೆಚ್ಚು ಗಮನವಿಟ್ಟು ಕೇಳಿಸಿಕೊಂಡಿದ್ದರು. "ಕಣ್ಣ್ ಮುಚ್ಕೋ" ಎಂದು ಎಡಗಣ್ಣಿನ ಮೇಲೆ ಹತ್ತಿಯನ್ನಿಟ್ಟು, ಮೂವತ್ತರ ತನಕ ಎಣಿಸತೊಡಗಿದರು.